ಬ್ಯಾಂಕು, ಫೈನಾನ್ಸ್ ಕಂಪನಿ ಇಂಟರ್ವ್ಯೂಗೆ ಹೋಗ್ತಿದೀರಾ? ಒಳಗೆ ಏನ್ ಕೇಳ್ತಾರೆ, ಏನ್ ನೋಡ್ತಾರೆ

ಬಿಕಾಂ, ಬಿಬಿಎ ಮುಗಿಸಿ ಪ್ರೈವೇಟ್ ಬ್ಯಾಂಕು, ಗೋಲ್ಡ್ ಲೋನ್ ಕಂಪನಿ, ಮೈಕ್ರೋಫೈನಾನ್ಸ್, ಇನ್ಶೂರೆನ್ಸ್ ಅಂತ ಅಪ್ಲೈ ಮಾಡ್ತಿರೋ ಹುಡುಗ್ರು ಹುಡುಗೀರು ನನ್ ಹತ್ರ ಕೇಳೋದು ಒಂದೇ, ಒಳಗೆ ಏನ್ ಕೇಳ್ತಾರೆ ಅಣ್ಣ ಅಂತ. ಬ್ರಾಂಚ್ ಕೆಲಸಕ್ಕೆ ಜನ ತಗೊಳ್ಳೋವಾಗ ಟೇಬಲ್ಲಿನ ಆ ಕಡೆ ಕೂತು ನೋಡಿದೀನಿ, ಅದನ್ನೇ ಇಲ್ಲಿ ಬರೀತಿದೀನಿ. ಸರ್ಕಾರಿ ಬ್ಯಾಂಕಿನ ದಾರಿ ಬೇರೆ, ಅಲ್ಲಿಗೆ ಪರೀಕ್ಷೆ ನಡೆಸೋ ಐಬಿಪಿಎಸ್‌ನಲ್ಲಿ ಕ್ಲರ್ಕ್‌ಗೆ ಇಂಟರ್ವ್ಯೂನೇ ಇಲ್ಲ, ಪಿಒಗೆ (ಪ್ರೊಬೇಷನರಿ ಆಫೀಸರ್) ಇದೆ, ಅದೂ ಕೊನೇ ಲೆಕ್ಕದಲ್ಲಿ ಮೇನ್ಸ್ ಅನ್ನೋ ಮುಖ್ಯ ಪರೀಕ್ಷೆಗೆ 80 ಇಂಟರ್ವ್ಯೂಗೆ 20 ಅಷ್ಟೇ. ಪ್ರೈವೇಟ್‌ನಲ್ಲಿ ಹಂಗಲ್ಲ, ಎದುರು ಕೂತಿರೋ ಮ್ಯಾನೇಜರ್‌ಗೆ ನಿಮ್ ಮೇಲೆ ನಂಬಿಕೆ ಬಂತಾ ಇಲ್ವಾ ಅನ್ನೋದರ ಮೇಲೇ ಎಲ್ಲ ನಿಂತಿರುತ್ತೆ.

ಮೊದಲು ಎಚ್ಆರ್ ಇಂದ ಫೋನ್ ಬರುತ್ತೆ. ಯಾವ ಊರು, ಬೈಕ್ ಇದೆಯಾ, ಡಿಎಲ್ ಇದೆಯಾ, ಫೀಲ್ಡ್ ವರ್ಕ್ ಓಕೆನಾ, ಯಾವ ಯಾವ ಭಾಷೆ ಬರುತ್ತೆ, ಯಾವಾಗ ಜಾಯಿನ್ ಆಗ್ತೀರಾ. ಐದು ನಿಮಿಷದಲ್ಲಿ ಮುಗಿಯುತ್ತೆ ಆದ್ರೆ ಇದೂ ಇಂಟರ್ವ್ಯೂನೇ, ಬಸ್ಸಲ್ಲಿ ನಿಂತ್ಕೊಂಡು ಗದ್ದಲದಲ್ಲಿ ಮಾತಾಡೋ ಬದಲು ಹತ್ತು ನಿಮಿಷ ಬಿಟ್ಟು ನಾನೇ ಮಾಡ್ತೀನಿ ಮೇಡಂ ಅಂದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಈ ಕಾಲ್‌ನಲ್ಲೇ ನೀವೂ ಎರಡು ವಿಷಯ ಕೇಳ್ಕೊಳ್ಳಿ. ಒಂದು, ಕೆಲಸ ಸೇಲ್ಸಾ, ಕಲೆಕ್ಷನ್ನಾ, ಇಲ್ಲ ಬ್ರಾಂಚ್ ಒಳಗಿನ ಆಪರೇಷನ್ಸಾ, ಯಾಕಂದ್ರೆ ಫ್ರೆಶರ್ಸ್‌ಗೆ ಸಿಗೋದು ಬಹುಪಾಲು ಸೇಲ್ಸೇ, ರಿಲೇಶನ್‌ಶಿಪ್ ಆಫೀಸರ್ ಅಂತ ಚಂದದ ಹೆಸರಿದ್ರೂ ಬೆಳಿಗ್ಗೆ ಎದ್ದು ಅಕೌಂಟ್ ಓಪನ್ ಮಾಡ್ಸೋಕೆ ಅಂಗಡಿ ಅಂಗಡಿ ಸುತ್ತೋ ಕೆಲಸ ಅದು. ಎರಡು, ಆನ್ ರೋಲಾ ಆಫ್ ರೋಲಾ. ಆಫ್ ರೋಲ್ ಅಂದ್ರೆ ಬ್ಯಾಂಕಿನ ಹೆಸರಲ್ಲಿ ದುಡೀತೀರಾ ಆದ್ರೆ ಸಂಬಳ ಕೊಡೋದು ಬೇರೆ ಏಜೆನ್ಸಿ. ತಗೋಬಾರದು ಅಂತಲ್ಲ, ಗೊತ್ತಿದ್ದು ತಗೊಳ್ಳಿ ಅಂತ.

ಆಮೇಲೆ ಬ್ರಾಂಚ್ ಮ್ಯಾನೇಜರ್ ಇಲ್ಲ ಏರಿಯಾ ಸೇಲ್ಸ್ ಮ್ಯಾನೇಜರ್ ಜೊತೆ ಕೂರಿಸ್ತಾರೆ, ಕೆಲವು ಕಡೆ ಅದಕ್ಕೂ ಮುಂಚೆ ಒಂದು ಆಪ್ಟಿಟ್ಯೂಡ್ ಟೆಸ್ಟ್, ಕೊನೆಗೆ ಹಲವು ಬ್ರಾಂಚ್ ನೋಡ್ಕೊಳ್ಳೋ ಕ್ಲಸ್ಟರ್ ಹೆಡ್ ವಿಡಿಯೋ ಕಾಲ್‌ನಲ್ಲಿ ಬರಬಹುದು. ನಿಮ್ ಬಗ್ಗೆ ಹೇಳಿ ಅಂದಾಗ ರೆಸ್ಯೂಮೆ ಓದಿ ಹೇಳ್ಬೇಡಿ, ಅದು ಅವರ ಮುಂದೇನೇ ಇದೆ. ನಮ್ಮಪ್ಪಂದು ಕಿರಾಣಿ ಅಂಗಡಿ, ಲೆಕ್ಕ ನಾನೇ ನೋಡ್ಕೊತಿದ್ದೆ ಅಂತ ಒಂದು ನಿಜವಾದ ಮಾತು ಬಂದ್ರೆ ಎದುರಿನವರು ಪೆನ್ ಕೆಳಗಿಟ್ಟು ಕೇಳ್ತಾರೆ. ಇಂಗ್ಲಿಷ್ ಬಗ್ಗೆ ತುಂಬಾ ಜನಕ್ಕೆ ಭಯ ಇದೆ. ಸಣ್ಣ ಸಣ್ಣ ವಾಕ್ಯದಲ್ಲಿ ತಪ್ಪಿಲ್ಲದೆ ಹೇಳಿದ್ರೆ ಸಾಕು, ಎಷ್ಟೋ ಸಲ ಮ್ಯಾನೇಜರ್ರೇ ಬೇಕಂತ ಕನ್ನಡಕ್ಕೆ ತಿರುಗಿಸ್ತಾರೆ, ಯಾಕಂದ್ರೆ ನೀವು ನಾಳೆ ಮಾತಾಡೋದು ಹಾವೇರಿ ಎಪಿಎಂಸಿ ವ್ಯಾಪಾರಿ ಹತ್ರ. ಬೆಳಗಾವಿ ಕಡೆ ಮರಾಠಿ, ಬಳ್ಳಾರಿ ಕಡೆ ತೆಲುಗು, ಕಲಬುರಗಿ ಕಡೆ ಹಿಂದಿ ಉರ್ದು ಬರುತ್ತೆ ಅಂದ್ರೆ ಅದನ್ನ ಧೈರ್ಯವಾಗಿ ಹೇಳಿ.

ಇನ್ನು ವಿಷಯದ ಪ್ರಶ್ನೆಗಳು. ಸೇವಿಂಗ್ಸ್ ಅಕೌಂಟ್‌ಗೂ ಕರೆಂಟ್ ಅಕೌಂಟ್‌ಗೂ ಏನ್ ವ್ಯತ್ಯಾಸ, ಕೆವೈಸಿ ಯಾಕೆ ಬೇಕು, ಪ್ಯಾನ್ ಇಲ್ಲದವರು ಏನ್ ಕೊಡ್ತಾರೆ (ಫಾರ್ಮ್ 60), ದೊಡ್ಡ ಮೊತ್ತ ಬ್ಯಾಂಕಿಂದ ಬ್ಯಾಂಕಿಗೆ ಕಳಿಸೋ ಆರ್‌ಟಿಜಿಎಸ್ ಕನಿಷ್ಠ ಎಷ್ಟು (2 ಲಕ್ಷ), ಬ್ಯಾಂಕ್ ಮುಳುಗಿದ್ರೆ ಡೆಪಾಸಿಟ್‌ಗೆ ವಿಮೆ ಎಷ್ಟು (ಒಂದು ಬ್ಯಾಂಕಲ್ಲಿ ಒಬ್ಬರಿಗೆ 5 ಲಕ್ಷ, 2020ರಿಂದ), ಲೋನ್ ಯಾವಾಗ ಎನ್‌ಪಿಎ, ಅಂದ್ರೆ ವಸೂಲಾಗದ ಸಾಲ ಅಂತ ಆಗುತ್ತೆ (ಕಂತು 90 ದಿನ ದಾಟಿ ಬಾಕಿ ಉಳಿದ್ರೆ), ಸಾಲ ಹೆಂಗೆ ತೀರಿಸಿದೀವಿ ಅನ್ನೋದಕ್ಕೆ ಕೊಡೋ ಸಿಬಿಲ್ ಸ್ಕೋರ್ ಎಷ್ಟರಿಂದ ಎಷ್ಟು (300 ಇಂದ 900). ಇಷ್ಟು ಒಂದು ಸಂಜೆಯಲ್ಲಿ ಓದ್ಕೋಬಹುದು. ಹೋಗ್ತಿರೋ ಕಂಪನಿ ಬಗ್ಗೆನೂ ಸ್ವಲ್ಪ ಗೊತ್ತಿರ್ಲಿ. ಕರ್ನಾಟಕ ಬ್ಯಾಂಕ್‌ಗೆ ಹೋಗ್ತಿದ್ರೆ ಅದು 1924ರಲ್ಲಿ ಮಂಗಳೂರಲ್ಲಿ ಶುರುವಾಯ್ತು, ಈಗ್ಲೂ ಹೆಡ್ ಆಫೀಸ್ ಅಲ್ಲೇ ಅನ್ನೋದಾದ್ರೂ ತಿಳ್ಕೊಂಡು ಹೋಗಿ.

ಜಾಸ್ತಿ ಜನ ಬೀಳೋದು ಬಡ್ಡಿ ಲೆಕ್ಕದಲ್ಲಿ. ಫ್ಲ್ಯಾಟ್ ರೇಟ್‌ಗೂ ರಿಡ್ಯೂಸಿಂಗ್ ರೇಟ್‌ಗೂ ಏನ್ ವ್ಯತ್ಯಾಸ ಅಂತ ಒಂದು ಹಾಳೆ ಕೊಟ್ಟು ಕೇಳ್ತಾರೆ. 1 ಲಕ್ಷ ಸಾಲ, 12 ಪರ್ಸೆಂಟ್, 12 ಕಂತು ಅಂತ ಇಟ್ಕೊಳ್ಳಿ. ಫ್ಲ್ಯಾಟ್‌ನಲ್ಲಿ ವರ್ಷಪೂರ್ತಿ ಪೂರ್ತಿ 1 ಲಕ್ಷದ ಮೇಲೇ ಬಡ್ಡಿ, 12,000 ಆಯ್ತು, ಕಂತು 9,333. ರಿಡ್ಯೂಸಿಂಗ್‌ನಲ್ಲಿ ಕಂತು ಸುಮಾರು 8,885, ಅದರಲ್ಲಿ ಮೊದಲನೇ ತಿಂಗಳು 1,000 ಬಡ್ಡಿಗೆ ಹೋಗಿ ಉಳಿದ 7,885 ಅಸಲಿಗೆ ಜಮಾ ಆಗುತ್ತೆ, ಎರಡನೇ ತಿಂಗಳು ಬಡ್ಡಿ ಬೀಳೋದು ಉಳಿದಿರೋ 92,115ಕ್ಕೆ ಮಾತ್ರ, ಹಂಗೆ ಕಮ್ಮಿ ಆಗ್ತಾ ಆಗ್ತಾ ವರ್ಷದ ಒಟ್ಟು ಬಡ್ಡಿ ಸುಮಾರು 6,600. ಹೇಳೋಕೆ ಎರಡೂ 12 ಪರ್ಸೆಂಟೇ, ಕೊಡೋ ಬಡ್ಡಿ ಮಾತ್ರ ಹತ್ತಿರ ಹತ್ತಿರ ಡಬಲ್. ಇದನ್ನ ಹಾಳೆ ಮೇಲೆ ಬರ್ದು, ಓದು ಬರದ ಅಜ್ಜಿಗೂ ಅರ್ಥ ಆಗೋ ಹಂಗೆ ಹೇಳಿದ್ರೆ ಅರ್ಧ ಕೆಲಸ ಸಿಕ್ಕ ಹಂಗೇನೇ. ಮನೇಲಿ ಯಾರಿಗಾದ್ರೂ ಕೂರಿಸ್ಕೊಂಡು ಹೇಳಿ ಅಭ್ಯಾಸ ಮಾಡಿ.

ಸೇಲ್ಸ್ ಕೆಲಸ ಆದ್ರೆ ನಾನೇ ಕಸ್ಟಮರ್, ನನಗೊಂದು ಎಫ್‌ಡಿ ಮಾಡ್ಸಿ ನೋಡೋಣ ಅಂತಾರೆ. ಬಹಳ ಜನ ತಕ್ಷಣ ಬಡ್ಡಿ ಎಷ್ಟು, ಬ್ಯಾಂಕ್ ಎಷ್ಟು ದೊಡ್ಡದು ಅಂತ ಒಂದೇ ಉಸಿರಲ್ಲಿ ಶುರು ಮಾಡ್ಕೊತಾರೆ. ಒಬ್ಬ ಹುಡುಗಿ ಮಾತ್ರ, ಸರ್ ಈ ದುಡ್ಡು ನಿಮಗೆ ಮತ್ತೆ ಯಾವಾಗ ಬೇಕಾಗುತ್ತೆ ಅಂತ ಕೇಳಿದ್ಲು. ಎರಡು ವರ್ಷಕ್ಕೆ ಮಗಳ ಮದುವೆ ಇದೆ ಅಂದ್ರು ಮ್ಯಾನೇಜರ್. ಹಂಗಾದ್ರೆ ಪೂರ್ತಿ ಒಂದೇ ಎಫ್‌ಡಿ ಬೇಡ ಸರ್, ಮೂರು ಮಾಡೋಣ, ಮಧ್ಯೆ ಅವಸರ ಬಿದ್ರೆ ಒಂದನ್ನ ಮುರಿಸಿದ್ರೆ ಸಾಕು, ಉಳಿದ ಎರಡಕ್ಕೆ ಬಡ್ಡಿ ಹಂಗೇ ನಡೆಯುತ್ತೆ ಅಂದ್ಲು. ಅವಳನ್ನ ತಗೊಂಡ್ವಿ. ಮೊದಲು ಕೇಳಿ, ಆಮೇಲೆ ಹೇಳಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಮುಂದಿನ ಪ್ರಶ್ನೆ. ತಿಂಗಳ ಕೊನೆ, ಟಾರ್ಗೆಟ್‌ಗೆ ಒಂದೇ ಒಂದು ಇನ್ಶೂರೆನ್ಸ್ ಪಾಲಿಸಿ ಕಮ್ಮಿ ಇದೆ, ಪೆನ್ಷನ್ ದುಡ್ಡು ಎಫ್‌ಡಿ ಮಾಡ್ಸೋಕೆ ಅಂತ ವಯಸ್ಸಾದವರು ಬಂದಿದಾರೆ, ಏನ್ ಮಾಡ್ತೀರಾ? ಅವರಿಗೆ ಪಾಲಿಸಿ ಹಾಕ್ತೀನಿ ಅಂತ ಉತ್ಸಾಹದಲ್ಲಿ ಹೇಳೋರಿದಾರೆ, ಟಾರ್ಗೆಟ್ ಮುಗಿಸೋ ಹುಡುಗ ಅಂತ ಖುಷಿ ಪಡ್ತಾರೆ ಅಂದ್ಕೊಂಡು. ದಯವಿಟ್ಟು ಹಂಗೆ ಹೇಳ್ಬೇಡಿ, ಮಾಡಲೂ ಬೇಡಿ. ಐದು ವರ್ಷ, ಹತ್ತು ವರ್ಷ ಪ್ರೀಮಿಯಂ ಕಟ್ಟೋ ಪಾಲಿಸಿನ ಎಫ್‌ಡಿ ಅಂತ ನಂಬ್ಸಿ ಕೊಟ್ರೆ ಅವರ ಕೊನೇಗಾಲದ ದುಡ್ಡು ಸಿಕ್ಕಾಕೊಳ್ಳುತ್ತೆ. ಅವರು ಕೇಳಿದ್ದು ಎಫ್‌ಡಿ, ಎಫ್‌ಡಿನೇ ಮಾಡ್ತೀನಿ, ಇನ್ಶೂರೆನ್ಸ್ ಅಗತ್ಯ ಇರೋ ಬೇರೆಯವರನ್ನ ಹುಡುಕ್ತೀನಿ ಅಂತ ನೇರವಾಗಿ ಹೇಳಿ. ಪಾಲಿಸಿ ಕೈಗೆ ಬಂದ ಮೇಲೆ 30 ದಿನದೊಳಗೆ ವಾಪಸ್ ಮಾಡೋ ಫ್ರೀ ಲುಕ್ ಅವಕಾಶ ಇದೆ ಅಂತ ಸೇರಿಸಿದ್ರೆ ನಿಯಮ ಗೊತ್ತು ಅನ್ನೋದೂ ಕಾಣುತ್ತೆ. ಹಂಗೇನೆ ಸಿಸ್ಟಮ್ ಪಾಸ್‌ವರ್ಡ್ ಸೀನಿಯರ್ ಕೇಳಿದ್ರೆ ಕೊಡ್ತೀರಾ, ಕೌಂಟರಲ್ಲಿ 500 ರೂಪಾಯಿ ಜಾಸ್ತಿ ಬಂದ್ರೆ ಏನ್ ಮಾಡ್ತೀರಾ ಅಂತೆಲ್ಲ ಕೇಳ್ತಾರೆ. ಪಾಸ್‌ವರ್ಡ್ ಯಾರಿಗೂ ಇಲ್ಲ, ಜಾಸ್ತಿ ಬಂದ ದುಡ್ಡನ್ನ ಆಗ್ಲೇ ಮ್ಯಾನೇಜರ್‌ಗೆ ತಿಳಿಸಿ ಬರೆದಿಡೋದು. ಗೊತ್ತಿಲ್ಲದ್ದು ಕೇಳಿದ್ರೆ ಗೊತ್ತಿಲ್ಲ ಸರ್, ತಿಳ್ಕೊಂಡು ಹೇಳ್ತೀನಿ ಅನ್ನಿ, ಇಂಟರ್ವ್ಯೂನಲ್ಲಿ ಊಹೆ ಮಾಡಿ ಹೇಳೋನು ಕಸ್ಟಮರ್‌ಗೂ ಊಹೆ ಮಾಡೇ ಹೇಳ್ತಾನೆ ಅಂತ ಎದುರಿನವರಿಗೆ ಗೊತ್ತು.

ಮೈಕ್ರೋಫೈನಾನ್ಸ್ ಆದ್ರೆ ವಸೂಲಿ ಬಗ್ಗೆ ಕೇಳೇ ಕೇಳ್ತಾರೆ. ಆರ್‌ಬಿಐ 2022ರ ನಿಯಮ ಓದ್ಕೊಂಡು ಹೋಗಿ: ಮನೆಯ ವರ್ಷದ ಆದಾಯ 3 ಲಕ್ಷದ ಒಳಗಿರೋರಿಗೆ ಅಡಮಾನ ಇಲ್ಲದೆ ಕೊಡೋ ಸಾಲನೇ ಮೈಕ್ರೋಫೈನಾನ್ಸ್ ಸಾಲ, ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು, ಬೆಳಿಗ್ಗೆ 9ಕ್ಕೆ ಮುಂಚೆ ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡಬಾರದು. ಕಿರುಕುಳದ ವಸೂಲಿ ತಡೆಯೋಕೆ ನಮ್ ರಾಜ್ಯದಲ್ಲಿ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು, ಅದೂ ಗೊತ್ತಿರ್ಲಿ. ಕಂತು ಕಟ್ಟದವರ ಮನೆ ಮುಂದೆ ಕೂರ್ತೀರಾ ಅಂದ್ರೆ, ಇಲ್ಲ, ಯಾಕೆ ಕಟ್ಟೋಕಾಗ್ತಿಲ್ಲ ಅಂತ ವಿಚಾರಿಸಿ ಬ್ರಾಂಚ್‌ಗೆ ತಿಳಿಸ್ತೀನಿ ಅನ್ನಿ. ಆ ಉತ್ತರಕ್ಕೆ ಮುಖ ಸಿಂಡರಿಸೋ ಕಂಪನಿ ನಿಮಗೆ ಬೇಡ.

ಡ್ರೆಸ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೊಬೇಡಿ, ಇಸ್ತ್ರಿ ಹಾಕಿದ ಶುಭ್ರ ಬಟ್ಟೆ ಸಾಕು. ನಿಮ್ದೇ ಸಿಬಿಲ್ ಚೆಕ್ ಮಾಡ್ತಾರೆ ಬಹಳ ಕಡೆ, ಬೈಕ್ ಲೋನ್, ಮೊಬೈಲ್ ಇಎಂಐ ಬಾಕಿ ಇದ್ರೆ ಮುಂಚೆನೇ ಸರಿ ಮಾಡ್ಕೊಳ್ಳಿ, ವರ್ಷಕ್ಕೊಂದು ರಿಪೋರ್ಟ್ ಫ್ರೀಯಾಗೇ ಸಿಗುತ್ತೆ. ಡಿಗ್ರಿ, ಹಳೇ ಕೆಲಸ, ವಿಳಾಸ ಎಲ್ಲ ಆಮೇಲೆ ವೆರಿಫೈ ಮಾಡ್ತಾರೆ, ಹಂಗಾಗಿ ಬ್ಯಾಕ್‌ಲಾಗ್ ಇದ್ರೆ ಇದೆ ಅನ್ನಿ, ಗ್ಯಾಪ್ ಇದ್ರೆ ಯಾಕೆ ಅಂತ ಹೇಳಿ.

ಕೊನೆಗೆ ನಿಮಗೇನಾದ್ರೂ ಕೇಳೋದಿದೆಯಾ ಅಂತಾರಲ್ಲ, ಸುಮ್ನೆ ತಲೆ ಅಲ್ಲಾಡಿಸಿ ಬರ್ಬೇಡಿ. ತಿಂಗಳ ಟಾರ್ಗೆಟ್ ಎಷ್ಟು, ಮೊದಲ ಮೂರು ತಿಂಗಳು ರಿಯಾಯಿತಿ ಇದೆಯಾ, ಪೆಟ್ರೋಲ್ ಕೊಡ್ತಾರಾ, ಸಿಟಿಸಿಯಲ್ಲಿ (ಕಂಪನಿ ಹೇಳೋ ವರ್ಷದ ಒಟ್ಟು ಪ್ಯಾಕೇಜ್) ಕೈಗೆ ಬರೋದು ಎಷ್ಟು ಇನ್ಸೆಂಟಿವ್ ಎಷ್ಟು, ಇಷ್ಟು ದಿನ ಕೆಲಸ ಬಿಡಬಾರದು ಅನ್ನೋ ಬಾಂಡ್ ಇದೆಯಾ ಅಂತ ಕೇಳಿ. ಟ್ರೇನಿಂಗ್ ಕೋರ್ಸ್ ಫೀಸ್ ಕಟ್ಟಿ, ಲೋನ್ ಮಾಡ್ಸಿ ಕೊಡ್ತೀವಿ ಅಂದ್ರೆ ಮಧ್ಯದಲ್ಲಿ ಬಿಟ್ರೆ ಯಾರು ತೀರಿಸ್ಬೇಕು ಅನ್ನೋದನ್ನ ಅಗ್ರಿಮೆಂಟ್‌ನಲ್ಲಿ ಓದಿ, ಮನೆಯವರಿಗೂ ತೋರಿಸಿ ಆಮೇಲೆ ಸೈನ್ ಮಾಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸಿ ವಾಪಸ್ ತಗೊಳ್ಳಿ, ಬಿಟ್ಟು ಬರ್ಬೇಡಿ. ಸೆಲೆಕ್ಟ್ ಆಗಿದೀರಾ, ಯೂನಿಫಾರ್ಮ್‌ಗೆ ಇಲ್ಲ ಲ್ಯಾಪ್‌ಟಾಪ್ ಡೆಪಾಸಿಟ್‌ಗೆ ಇಷ್ಟು ಫೋನ್‌ಪೇ ಮಾಡಿ ಅಂತ ಮೆಸೇಜ್ ಬಂದ್ರೆ ಅದು ಮೋಸ, ಒಂದು ರೂಪಾಯಿನೂ ಹಾಕ್ಬೇಡಿ. ಆಫರ್ ಮೇಲ್ ಕಂಪನಿ ಹೆಸರಿನ ಐಡಿಯಿಂದಾನೇ ಬಂದಿದೆಯಾ ನೋಡಿ, ಅನುಮಾನ ಇದ್ರೆ ಹತ್ತಿರದ ಬ್ರಾಂಚ್‌ಗೇ ಹೋಗಿ ವಿಚಾರಿಸಿ, ಆಫರ್ ಲೆಟರ್ ಕೈಗೆ ಬರೋ ತನಕ ಈಗಿರೋ ಕೆಲಸಕ್ಕೆ ರಿಸೈನ್ ಮಾಡ್ಬೇಡಿ.