ಶಾಪ್ ಫ್ಲೋರ್ ಸರ್ವೆಗೆ ನಾನು ಪ್ರಶ್ನೆ ಆರಿಸುವ ಬಗೆ

ಹುಬ್ಬಳ್ಳಿಯ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ವಾಲ್ವ್ ಕಾರ್ಖಾನೆಯಲ್ಲಿ ನಾನು ಎಚ್‌ಆರ್ ನೋಡಿಕೊಳ್ಳುತ್ತೇನೆ. ಶಾಪ್ ಫ್ಲೋರಿನಲ್ಲಿ, ಅಂದರೆ ಮಷೀನುಗಳಿರುವ ಕೆಲಸದ ಜಾಗದಲ್ಲಿ, ವರ್ಷಕ್ಕೊಮ್ಮೆ ನಡೆಯುವ ಸಿಬ್ಬಂದಿ ಸರ್ವೆಯೂ ನನ್ನದೇ ಕೆಲಸ. ಪ್ರಶ್ನೆ ಬರೆಯುವ ಮೊದಲು ಒಂದು ಮಾತು ಕೇಳಿಕೊಳ್ಳುತ್ತೇನೆ: 'ಇಲ್ಲ' ಅನ್ನುವ ಉತ್ತರ ಜಾಸ್ತಿ ಬಂದರೆ ನಾವು ಏನು ಮಾಡುತ್ತೇವೆ? ಮ್ಯಾನೇಜ್ಮೆಂಟ್ ಹತ್ತಿರ ಇದಕ್ಕೆ ಉತ್ತರ ಇಲ್ಲ ಅಂದರೆ ಆ ಪ್ರಶ್ನೆ ಬೇಡ. ಕೇಳಿ ಕೈಬಿಟ್ಟರೆ ಮುಂದಿನ ಸಲ ಜನ ಫಾರ್ಮ್ ಮುಟ್ಟುವುದಿಲ್ಲ.

'ಪಗಾರ ತೃಪ್ತಿ ತಂದಿದೆಯೇ' ಅಂತ ಕೇಳುವುದನ್ನು ಬಿಟ್ಟಿದ್ದು ಇದಕ್ಕೇ. ಉತ್ತರ ಎಲ್ಲರಿಗೂ ಗೊತ್ತು, ಅಲ್ವಾ? ಅದರ ಬದಲು 'ಪಗಾರ ಚೀಟಿ ನೋಡಿದರೆ ಓಟಿ ಲೆಕ್ಕ ತಿಳಿಯುತ್ತದೆಯೇ' ಅಂತ ಕೇಳುತ್ತೇನೆ. ಓಟಿಗೆ, ಅಂದರೆ ಹೆಚ್ಚುವರಿ ಹೊತ್ತಿನ ಕೆಲಸಕ್ಕೆ, ದುಪ್ಪಟ್ಟು ಕೊಡಬೇಕು ಅಂತ ಕಾನೂನೇ ಇದೆ. ಕೊಟ್ಟದ್ದು ಚೀಟಿಯಲ್ಲಿ ಕಾಣದಿದ್ದರೆ ಸಂಶಯ ಬೆಳೆಯುತ್ತದೆ. ಚೀಟಿ ಸರಿಪಡಿಸುವುದು ನಮ್ಮ ಕೈಯಲ್ಲಿದೆ.

ಬರೆದ ಪ್ರಶ್ನೆಗಳನ್ನು ಹಿಡಿದು ಕ್ಯಾಂಟೀನಿಗೆ ಹೋಗುತ್ತೇನೆ. ಚಹಾದ ಹೊತ್ತಿಗೆ ನಾಲ್ಕೈದು ಮಂದಿಗೆ ಓದಿ ಹೇಳಿ, ನಿಮ್ಮ ಮಾತಿನಲ್ಲಿ ಹೇಳ್ರಿ ಅನ್ನುತ್ತೇನೆ. 'ಸೂಪರ್‌ವೈಸರ್ ನಿಮಗೆ ಗೌರವ ಕೊಟ್ಟು, ವಿಷಯಗಳನ್ನು ಸಮಯಕ್ಕೆ ತಿಳಿಸುತ್ತಾರೆಯೇ' ಅನ್ನುವ ಪ್ರಶ್ನೆ ಹಳೆಯ ಫಾರ್ಮಿನಲ್ಲಿತ್ತು. ಸಿಎನ್‌ಸಿ ಮಷೀನಿನ ಆಪರೇಟರ್ ಒಬ್ಬರು ಕೇಳಿ, "ಸರ, ಮರ್ಯಾದಿ ಕೊಡ್ತಾರ್ರಿ. ಆದ್ರ ಶಿಫ್ಟ್ ಬದಲಾಗಿದ್ದು ಹಿಂದಿನ ರಾತ್ರಿ ಫೋನ್ ಮಾಡಿ ಹೇಳ್ತಾರ. ನಾ ಯಾವುದಕ್ಕ ಟಿಕ್ ಹಾಕ್ಲಿ?" ಅಂದರು. ಪ್ರಶ್ನೆ ಅಲ್ಲೇ ಎರಡಾಯಿತು. ಎರಡನೆಯದು ಈಗ ಹೀಗಿದೆ: 'ಕಳೆದ ಒಂದು ತಿಂಗಳಲ್ಲಿ ಶಿಫ್ಟ್ ಬದಲಾದಾಗ ಎರಡು ದಿನ ಮೊದಲೇ ಹೇಳಿದ್ದಾರೆಯೇ?' 'ಒಂದು ತಿಂಗಳು' ಅನ್ನುವುದು ಬೇಕೇ ಬೇಕು. ಇಲ್ಲದಿದ್ದರೆ ಒಬ್ಬರು ನಿನ್ನೆಯದನ್ನು ನೆನೆಯುತ್ತಾರೆ, ಇನ್ನೊಬ್ಬರು ಮೂರು ವರ್ಷದ ಹಿಂದಿನ ಸಿಟ್ಟನ್ನು.

ಉತ್ತರದ ಸಾಲಿಗೂ ಅಷ್ಟೇ ಗಮನ ಕೊಡಬೇಕು. 'ಪೂರ್ಣ ಒಪ್ಪುತ್ತೇನೆ'ಯಿಂದ 'ಒಪ್ಪುವುದೇ ಇಲ್ಲ'ದವರೆಗಿನ ಅಳತೆ 1932ರಲ್ಲಿ ಅಮೆರಿಕದ ಮನೋವಿಜ್ಞಾನಿ ರೆನ್ಸಿಸ್ ಲೈಕರ್ಟ್ ಕೊಟ್ಟದ್ದು. ಇವತ್ತಿಗೂ ಎಲ್ಲೆಡೆ ಅದೇ. ಆದರೆ ಎದುರು ಮಾತಾಡಲು ಹಿಂಜರಿಯುವವರು ಸುಮ್ನೆ 'ಒಪ್ಪುತ್ತೇನೆ' ಅಂತ ಮೇಲಿಂದ ಕೆಳಗೆ ಟಿಕ್ ಹಾಕಿಬಿಡುತ್ತಾರೆ. ಹಾಗಾಗಿ ಆಗುವ ಸಂಗತಿಗಳಿಗೆ ನಾನು 'ಯಾವಾಗಲೂ, ಹೆಚ್ಚಿನ ಸಲ, ಕೆಲವು ಸಲ, ಅಪರೂಪಕ್ಕೆ, ಒಮ್ಮೆಯೂ ಇಲ್ಲ' ಅಂತ ಇಡುತ್ತೇನೆ. ಆಗ ಒಪ್ಪುವ ಪ್ರಶ್ನೆಯೇ ಬರುವುದಿಲ್ಲ, ಆದದ್ದನ್ನು ಹೇಳಿದರೆ ಸಾಕು.

ಸರ್ವೆಗಳಿಗೆ ಹೆಸರಾದ ಅಮೆರಿಕದ ಗ್ಯಾಲಪ್ ಸಂಸ್ಥೆ ಸಿಬ್ಬಂದಿಗಾಗಿ ಮಾಡಿದ 12 ಪ್ರಶ್ನೆಗಳು ಎಚ್‌ಆರ್ ಮಂದಿಗೆ ಗೊತ್ತಿರುವವೇ. ಕೆಲಸಕ್ಕೆ ಬೇಕಾದ ಸಾಮಾನು, ಸಲಕರಣೆ ಇದೆಯೇ ಅನ್ನುವುದು ಅದರಲ್ಲಿ ಒಂದು. ಆ ವಿಚಾರ ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಅದು 'ಗೇಜ್, ಇನ್ಸರ್ಟ್, ಕೈಗವಸು ಕೇಳಿದ ದಿನವೇ ಸ್ಟೋರ್‌ನಿಂದ ಸಿಗುತ್ತದೆಯೇ' ಅಂತಾಯಿತು. ಗೇಜ್ ಅಂದರೆ ಅಳತೆಯ ಸಾಧನ, ಇನ್ಸರ್ಟ್ ಅಂದರೆ ಲೋಹ ಕತ್ತರಿಸುವ ಟೂಲಿನ ಬದಲಾಯಿಸುವ ತುದಿ. ಇದಕ್ಕೆ ಉತ್ತರ ಕೊಡಲು ಯಾರೂ ಯೋಚಿಸುತ್ತ ಕೂರುವುದಿಲ್ಲ.

ಹೆಸರು ಬೇಡ ಅಂದರಷ್ಟೇ ಸಾಲದು. ವಯಸ್ಸು, ಸರ್ವಿಸ್, ಊರು ಮೂರನ್ನೂ ಕೇಳಿದರೆ ಟೂಲ್‌ರೂಮಿನಂಥ ಸಣ್ಣ ವಿಭಾಗದಲ್ಲಿ ಕುಂದಗೋಳದವರು ಯಾರು ಅಂತ ತಕ್ಷಣ ತಿಳಿಯುತ್ತದೆ. ನಾನು ವಿಭಾಗ ಒಂದನ್ನೇ ಕೇಳುತ್ತೇನೆ. ಸಣ್ಣ ವಿಭಾಗಗಳನ್ನು ಕೂಡಿಸಿಯೇ ವರದಿ ಕೊಡುತ್ತೇನೆ. ಬಿಡಿಸಿ ಕೊಡು ಅಂತ ಮೇಲಿನವರು ಕೇಳಿದರೂ ಕೊಡುವುದಿಲ್ಲ. ಈ ವಿಷಯದಲ್ಲಿ ರಾಜಿ ಇಲ್ಲ.

ಕೊನೆಗೆ ಒಂದೇ ಖಾಲಿ ಜಾಗ: 'ನಿಮ್ಮ ಕೆಲಸ ಹಗುರಾಗಲು ಯಾವ ಒಂದು ಬದಲಾವಣೆ ಬೇಕು?' ಎರಡನೇ ಶಿಫ್ಟ್ ಬಿಟ್ಟ ಮೇಲೆ ಊರಿಗೆ ಹೋಗುವ ಬಸ್ಸಿನ ಚಿಂತೆಯನ್ನು ಹಲವರು ಇಲ್ಲೇ ಬರೆದಿದ್ದಾರೆ. ಈ ವರ್ಷ ಅದನ್ನೇ ಹೊಸ ಪ್ರಶ್ನೆಯಾಗಿ ಸೇರಿಸುತ್ತಿದ್ದೇನೆ, ಗಾಡಿ ವ್ಯವಸ್ಥೆಗೆ ಮ್ಯಾನೇಜ್ಮೆಂಟ್ ಮೊದಲೇ ಒಪ್ಪಿದೆ. ಉಳಿದ ಪ್ರಶ್ನೆಗಳಲ್ಲಿ ಒಂದು ಪದವನ್ನೂ ಮುಟ್ಟುವುದಿಲ್ಲ, ಹೋದ ವರ್ಷದ್ದರ ಜೊತೆ ಇಟ್ಟು ನೋಡಬೇಕಲ್ಲ.