ಮೆತ್ತನೆ ಬ್ರಷ್‌ನಲ್ಲಿ ಗಟ್ಟಿ ನೊರೆ

ಶೇವಿಂಗ್ ಬ್ರಷ್ ತೀರಾ ಮೆತ್ತಗಿದೆ, ಸೋಪಿನ ಮೇಲಿಟ್ಟರೆ ಮಲಗಿಬಿಡುತ್ತದೆ, ನೊರೆಯೇ ಏಳಲ್ಲ. ಹೀಗಂದುಕೊಂಡು ಎಷ್ಟೋ ಜನ ಅದನ್ನು ಬಚ್ಚಲಿನ ಗೂಡಿನಲ್ಲಿ ಬಿಟ್ಟು ಡಬ್ಬಿ ಫೋಮ್‌ಗೆ ಹೋಗುತ್ತಾರೆ. ಇದು ಬ್ರಷ್‌ಗೆ ಮಾಡುವ ಅನ್ಯಾಯ. ಎಳೆ ವಿರಳವಾಗಿರುವ ಮೆತ್ತನೆ ಬ್ರಷ್‌ನಲ್ಲೂ ರೇಜರ್ ಸಲೀಸಾಗಿ ಜಾರುವಂಥ ನೊರೆ ಬರುತ್ತದೆ. ನೀರಿನ ಹದ ಗೊತ್ತಿರಬೇಕು, ಅಷ್ಟೇ. ನನ್ನ ಪ್ರಕಾರ ಕೊಡಗಿನಂಥ ಮಳೆಸೀಮೆಗೆ ಇಂಥ ಬ್ರಷ್ಷೇ ಸರಿ.

ನಿಮ್ಮದು ಯಾವ ಥರದ್ದು?

ಒಣಗಿದ ಬ್ರಷ್‌ನ ಎಳೆಗಳನ್ನು ಎರಡು ಹೆಬ್ಬೆರಳಿನಿಂದ ಅಗಲಿಸಿ. ಬುಡದ ತನಕ ಸುಲಭವಾಗಿ ಕಣ್ಣಿಗೆ ಬಿದ್ದರೆ ಎಳೆ ವಿರಳ ಅಂತ ಲೆಕ್ಕ. ಎಳೆಯ ಎತ್ತರವನ್ನೂ ನೋಡಿ. ಬುಡದಲ್ಲಿ 22 ಮಿ.ಮೀ. ದಪ್ಪ ಇರುವ ಎರಡು ಬ್ರಷ್ ತಗೊಂಡರೆ, 48 ಮಿ.ಮೀ. ಎತ್ತರದ್ದು ಬಿಗಿಯಾಗಿ ನಿಲ್ಲುತ್ತದೆ, 58 ಮಿ.ಮೀ. ಎತ್ತರದ್ದು ಬಾಗುತ್ತದೆ.

ಹಂದಿ ಕೂದಲಿನ ಬ್ರಷ್ ಆದರೆ ಬಿಸಿ ನೀರಿನಲ್ಲಿ ಮೂರ್ನಾಲ್ಕು ನಿಮಿಷ ನೆನೆಯಬೇಕು. ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಾದರೆ ಒಂದು ನಿಮಿಷ ಸಾಕು. ಸಿಂಥೆಟಿಕ್ ಎಳೆ ನೀರು ಕುಡಿಯುವುದಿಲ್ಲ, ಅದ್ದಿ ತೆಗೆದರೆ ಆಯ್ತು. ಕುದಿಯುವ ನೀರು ಮಾತ್ರ ಬೇಡ. ಹಂಡೆಯಿಂದ ಮೊಗೆದ ನೀರಿಗೆ ತಣ್ಣೀರು ಬೆರೆಸಿ, ಕೈ ಇಟ್ಟರೆ ಹಿತವಾಗುವಷ್ಟು ಮಾಡಿಕೊಳ್ಳಿ. ನೀರು ತುಂಬಾ ಬಿಸಿಯಾದರೆ ಬುಡದ ಅಂಟು ಸಡಿಲವಾಗಿ ಎಳೆ ಉದುರತೊಡಗುತ್ತದೆ.

ಮೊದಲು ನೀರು ತೆಗೆಯಿರಿ

ಎಲ್ಲರೂ ಎಡವುವುದು ಇಲ್ಲೇ. ದಟ್ಟ ಬ್ರಷ್ ನೀರನ್ನು ಒಳಗೆ ಹಿಡಿದುಕೊಂಡು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ವಿರಳ ಬ್ರಷ್‌ನಲ್ಲಿ ಎಳೆಗಳ ನಡುವೆ ಸಂದಿ ಜಾಸ್ತಿ. ನೀರು ಸಲೀಸಾಗಿ ತುಂಬಿಕೊಳ್ಳುತ್ತದೆ, ಸೋಪಿಗೆ ತಾಗಿದ ಕೂಡಲೇ ಅಷ್ಟೂ ಸುರಿದುಹೋಗುತ್ತದೆ. ಆಗ ಸೋಪು ಕರಗುವ ಮೊದಲೇ ತೊಳೆದುಹೋಗಿ ದೊಡ್ಡ ದೊಡ್ಡ ಗುಳ್ಳೆ ಏಳುತ್ತವೆ. ಕೆನ್ನೆಗೆ ಹಚ್ಚಿದರೆ ಅರ್ಧ ನಿಮಿಷದಲ್ಲಿ ಒಡೆದು ಮಾಯ.

ಹಾಗಾಗಿ ನೆನೆಸಿದ ಬ್ರಷ್ಷನ್ನು ಬುಡದಿಂದ ತುದಿಗೆ ಮೆಲ್ಲಗೆ ಹಿಂಡಿ, ಆಮೇಲೆ ಎರಡು ಮೂರು ಸಲ ಜೋರಾಗಿ ಕೊಡವಿ. ತುದಿ ಕೆಳಗೆ ಮಾಡಿ ಹಿಡಿದರೆ ಒಂದು ಹನಿಯೂ ಬೀಳಬಾರದು. ಒದ್ದೆ ಇರಲಿ, ನೀರು ಬೇಡ. ನೀರನ್ನು ಆಮೇಲೆ ಸೇರಿಸಬಹುದು, ಸೋಪಿನಿಂದ ವಾಪಸ್ ತೆಗೆಯಲು ಆಗುವುದಿಲ್ಲ ಅಲ್ವಾ?

ಸೋಪು ಹಿಡಿಸುವುದು

ಗಟ್ಟಿ ಸೋಪು ಬಳಸುವವರು ಮುಖ ತೊಳೆಯುವ ಮುಂಚೆಯೇ ಅದರ ಮೇಲೆ ಒಂದು ಚಮಚ ಬಿಸಿ ನೀರು ಹಾಕಿಡಿ. ಮುಖ ತೊಳೆದು ಬರುವಷ್ಟರಲ್ಲಿ ಮೇಲ್ಪದರ ಮೆತ್ತಗಾಗಿರುತ್ತದೆ. ನೀರು ಚೆಲ್ಲಿ ಬ್ರಷ್ ಆಡಿಸಿ. ಮೆತ್ತನೆ ಎಳೆಗೆ ಗಟ್ಟಿ ಸೋಪನ್ನು ಕೆರೆಯುವ ಶಕ್ತಿ ಇಲ್ಲ, ಆ ಕೆಲಸವನ್ನು ಬಿಸಿ ನೀರು ಮೊದಲೇ ಮಾಡಿಟ್ಟಿರುತ್ತದೆ.

ಹಿಡಿಯುವ ಜಾಗ ಬಹಳ ಮುಖ್ಯ. ಹಿಡಿಯ ಕೊನೆಯಲ್ಲಿ ಅಲ್ಲ, ಎಳೆಯ ಬುಡಕ್ಕೆ ಹತ್ತಿರ ಹಿಡಿಯಿರಿ. ಹೆಬ್ಬೆರಳು, ತೋರುಬೆರಳು ಎಳೆಯ ಕೆಳಭಾಗವನ್ನು ಸ್ವಲ್ಪ ಅಪ್ಪಿಕೊಂಡಿರಲಿ. ಆಗ ಬಾಗುವ ಎತ್ತರ ಕಡಿಮೆಯಾಗಿ, ಮಲಗುತ್ತಿದ್ದ ಬ್ರಷ್ಷು ನೆಟ್ಟಗೆ ನಿಲ್ಲುತ್ತದೆ. ಒತ್ತಬೇಡಿ. ಒತ್ತಿದರೆ ಎಳೆ ನಾಲ್ಕೂ ಕಡೆ ಹರಡಿ ನಡುವಿನ ಕೂದಲು ಮುರಿಯುತ್ತದೆ, ಕೆಲವು ತಿಂಗಳಲ್ಲಿ ಮಧ್ಯೆ ಬೋಳಾಗುತ್ತದೆ. ತುದಿ ಮಾತ್ರ ತಾಗುವ ಹಾಗೆ ಸಣ್ಣ ವೃತ್ತಗಳಲ್ಲಿ ತಿರುಗಿಸಿ.

ಅರ್ಧ ನಿಮಿಷ ತಿರುಗಿಸಿ ನಿಲ್ಲಿಸುವವರೇ ಜಾಸ್ತಿ. ಮೆತ್ತನೆ ಬ್ರಷ್‌ಗೆ ಒಂದು ನಿಮಿಷ ಕೊಡಿ. ಮೊದಲು ತೆಳ್ಳನೆ ಬಿಳಿ ನೀರು ಬರುತ್ತದೆ. ಆಮೇಲೆ ಸಣ್ಣ ಗುಳ್ಳೆ. ಕೊನೆಗೆ ಗುಳ್ಳೆ ಕಾಣದೆ, ತುದಿಗಳು ಒಂದಕ್ಕೊಂದು ಅಂಟಿಕೊಂಡು ಮಂದ ಪೇಸ್ಟ್ ಕೂರುತ್ತದೆ, ಬ್ರಷ್ ತಿರುಗಿಸುವಾಗ ಕೈಗೆ ಸ್ವಲ್ಪ ಎಳೆದ ಹಾಗೆ ಆಗುತ್ತದೆ. ಅಲ್ಲಿಗೆ ಸಾಕು. ಟ್ಯೂಬ್ ಕ್ರೀಮ್ ಇದ್ದವರಿಗೆ ಇಷ್ಟು ತೊಂದರೆ ಇಲ್ಲ. ಸುಮಾರು 2 ಸೆಂ.ಮೀ. ಕ್ರೀಮನ್ನು ಎಳೆಗಳ ನಡುವೆ ಹಾಕಿಕೊಂಡರೆ ಆಯ್ತು. ಮೊದಲ ಸಲ ಕಲಿಯುವವರು ಕ್ರೀಮಿನಿಂದಲೇ ಶುರು ಮಾಡುವುದು ಒಳ್ಳೆಯದು.

ನೊರೆ ಎಬ್ಬಿಸುವುದು

ಬಟ್ಟಲಿನಲ್ಲೂ ಮಾಡಬಹುದು, ಮುಖದ ಮೇಲೂ ಮಾಡಬಹುದು. ಮೆತ್ತನೆ ಬ್ರಷ್‌ಗೆ ಬಟ್ಟಲು ಹಿತ. ಎಳೆ ಒಳಗೆ ನೊರೆಯನ್ನು ಬಚ್ಚಿಟ್ಟುಕೊಳ್ಳುವುದಿಲ್ಲ, ಎಬ್ಬಿಸಿದ್ದೆಲ್ಲ ಕೈಗೆ ಸಿಗುತ್ತದೆ. ಬೆರಳ ತುದಿ ನೀರಿನಲ್ಲಿ ಅದ್ದಿ ಎರಡು ಮೂರು ಹನಿ ಬಿಡಿ, ಹತ್ತಿಪ್ಪತ್ತು ಸುತ್ತು ತಿರುಗಿಸಿ, ನೋಡಿ, ಮತ್ತೆ ಎರಡು ಹನಿ. ಮಂದವಾಗಿ, ಹೊಳಪಿನಿಂದ, ಗಟ್ಟಿ ಮೊಸರಿನ ಹಾಗೆ ನಿಂತರೆ ಹದ ಸರಿ. ಬೆರಳಿಗೆ ತಗೊಂಡು ಉಜ್ಜಿ. ಜಾರಬೇಕು. ಅಂಟಿದರೆ ನೀರು ಕಡಿಮೆ. ಹರಿದುಹೋದರೆ ನೀರು ಜಾಸ್ತಿ, ಬ್ರಷ್ಷನ್ನು ಮತ್ತೆ ಸೋಪಿಗೆ ಒಯ್ಯಿರಿ.

ಗಡ್ಡದ ಮೇಲೆ ವೃತ್ತಾಕಾರದಲ್ಲಿ ಹಚ್ಚಿ, ಕೊನೆಗೆ ಬಣ್ಣ ಬಳಿಯುವ ಹಾಗೆ ಅತ್ತಿತ್ತ ಎಳೆದು ಸಮ ಮಾಡಿ. ಬಿರುಸು ಎಳೆ ಚುಚ್ಚುವ, ಮೊಡವೆ ಇರುವ ಚರ್ಮಕ್ಕೆ ಈ ಬ್ರಷ್ ಕೊಡುವ ಸುಖವೇ ಬೇರೆ. ಕೂಡಲೇ ರೇಜರ್ ಹಿಡಿಯಬೇಡಿ, ಒಂದೆರಡು ನಿಮಿಷ ಬಿಡಿ. ನೆಂದ ಕೂದಲನ್ನು ಸುಲಭವಾಗಿ ಕತ್ತರಿಸಬಹುದು.

ನಮ್ಮ ನೀರು, ನಮ್ಮ ಮಳೆ

ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇದ್ದರೆ ಅವು ಸೋಪಿನ ಜೊತೆ ಸೇರಿ ಕರಗದ ಗಸಿ ಆಗುತ್ತವೆ, ನೊರೆಗೆ ಸೋಪು ಉಳಿಯುವುದಿಲ್ಲ. ಮಳೆ ನೀರಿಗೆ ಈ ಕಾಟ ಇಲ್ಲ. ನಿಮ್ಮದು ಬೋರ್‌ವೆಲ್ ನೀರಾಗಿದ್ದು ಅನುಮಾನ ಇದ್ದರೆ, ಸಣ್ಣ ಬಾಟಲಿಗೆ ಅರ್ಧ ನೀರು, ಚಿಟಿಕೆ ಸೋಪಿನ ಚೂರು ಹಾಕಿ ಕುಲುಕಿ. ಮೇಲೆ ನೊರೆ ನಿಂತು ಕೆಳಗೆ ನೀರು ತಿಳಿಯಾಗಿದ್ದರೆ ಮೆದು ನೀರು. ಬೆಳ್ಳಗೆ ಕದಡಿ ನೊರೆ ಕೂತುಬಿಟ್ಟರೆ ಗಡಸು ನೀರು. ಆಗ ಸ್ವಲ್ಪ ಜಾಸ್ತಿ ಸೋಪು ಹಿಡಿಸಿ, ಇಲ್ಲವಾದರೆ ಮಾಡಿನಿಂದ ಬಿದ್ದ ಮಳೆ ನೀರನ್ನು ಒಂದು ಚೊಂಬು ಎತ್ತಿಟ್ಟುಕೊಳ್ಳಿ.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಆ ತಿಂಗಳುಗಳಲ್ಲಿ ಚಪ್ಪಲಿಗೆ, ಬೆಲ್ಟ್‌ಗೆ ಬೂಷ್ಟು ಹಿಡಿಯುವ ಮನೆಯಲ್ಲಿ ದಟ್ಟ ಬ್ರಷ್ ಬೆಳಿಗ್ಗೆ ಬಳಸಿದ್ದು ಮರುದಿನ ಬೆಳಿಗ್ಗೆಗೂ ಬುಡದಲ್ಲಿ ಹಸಿಯಾಗಿರುತ್ತದೆ. ವಿರಳ ಬ್ರಷ್‌ನ ಸಂದಿಗಳಲ್ಲಿ ಗಾಳಿ ಆಡುತ್ತದೆ, ಬೇಗ ಒಣಗುತ್ತದೆ. ಮಳೆಸೀಮೆಗೆ ಇದೇ ಸರಿ ಅಂದಿದ್ದು ಇದಕ್ಕೇ.

ಬಳಸಿದ ಮೇಲೆ ನೀರು ತಿಳಿಯಾಗುವ ತನಕ ತೊಳೆಯಿರಿ, ಬುಡದಲ್ಲಿ ಸೋಪು ಉಳಿಯಬಾರದು. ಕೊಡವಿ, ಒಣ ಟವೆಲ್ ಮೇಲೆ ಅತ್ತಿತ್ತ ಒರೆಸಿ. ಬಚ್ಚಲಿನಲ್ಲಿ ಬಿಡಬೇಡಿ, ಮುಚ್ಚಿದ ಕಪಾಟಿನಲ್ಲಂತೂ ಬೇಡವೇ ಬೇಡ. ಗಾಳಿ ಬರುವ ಕಿಟಕಿಯ ಹತ್ತಿರ ಇಡಿ. ಅಡುಗೆಮನೆ ಒಲೆಯ ಪಕ್ಕ ಬೆಚ್ಚಗಿರುತ್ತದೆ ಅಂತ ತೀರಾ ಹತ್ತಿರ ಇಟ್ಟರೆ ಕೂದಲು ಒರಟಾಗುತ್ತದೆ, ಎರಡು ಮೂರು ಅಡಿ ದೂರ ಇರಲಿ. ಮುಗ್ಗಲು ವಾಸನೆ ಬಂದರೆ ಉಗುರುಬೆಚ್ಚನೆ ನೀರಿನಲ್ಲಿ ಸ್ವಲ್ಪ ಶಾಂಪೂ ಹಾಕಿ ತೊಳೆದು, ಬಿಸಿಲು ಬಿದ್ದ ದಿನ ನೆರಳಿನಲ್ಲಿ ಒಣಗಿಸಿ. ಆಮೇಲೂ ಬುಡದಲ್ಲಿ ಕಪ್ಪು ಚುಕ್ಕಿ ಕಂಡರೆ ಆ ಬ್ರಷ್ ಮುಖಕ್ಕೆ ಬೇಡ, ಹೊಸದು ತಗೊಳ್ಳಿ.