ಮಟ್ಟೆ ತೆಗೆಯಿರಿ, ಕೊಬ್ಬರಿ ಮುಟ್ಟಬೇಡಿ: ಫೋನ್ ಖಾಲಿ ಮಾಡುವ ಬಗೆ

ತಿಪಟೂರಿನಲ್ಲಿ ನನ್ನದೊಂದು ಚಿಕ್ಕ ಮೊಬೈಲ್ ಅಂಗಡಿ. ರೀಚಾರ್ಜ್, ಚಾರ್ಜರ್, ಟೆಂಪರ್ಡ್ ಗ್ಲಾಸ್, ಅಷ್ಟೇ. ಕೊಬ್ಬರಿ ಹರಾಜಿನ ದಿನ ಸುತ್ತಲಿನ ಹಳ್ಳಿಯವರು ಬರುತ್ತಾರೆ. ಬಂದವರಲ್ಲಿ ಅರ್ಧ ಜನರದು ಒಂದೇ ಮಾತು: "ಅಣ್ಣ, ಸ್ಟೋರೇಜ್ ಫುಲ್ ಅಂತಿದೆ. ಎಲ್ಲಾ ಕ್ಲಿಯರ್ ಮಾಡಿಕೊಡು."

ಈ "ಎಲ್ಲಾ" ಕೇಳಿದರೆ ನನಗೆ ಈಗ ಭಯ. ಕಾರಣ ನಮ್ಮ ಅಪ್ಪನ ಫೋನು. ಅವರ ದುಡ್ಡು ಕಳಿಸುವ ಆ್ಯಪ್ ಸುಮ್ನೆ ಸುತ್ತುತ್ತಾ ನಿಂತುಬಿಡುತ್ತಿತ್ತು. ಕ್ಲಿಯರ್ ಕ್ಯಾಶ್ ಒತ್ತಬೇಕಿತ್ತು, ಮಾತಾಡುತ್ತಾ ಪಕ್ಕದ ಕ್ಲಿಯರ್ ಸ್ಟೋರೇಜ್ ಒತ್ತಿದೆ. ಮರುದಿನ ಅಪ್ಪ ಗೊಬ್ಬರದ ಅಂಗಡಿಯಲ್ಲಿ ಮೂಟೆ ಪಕ್ಕ ನಿಂತಿದ್ದಾರೆ, ಆ್ಯಪ್ ಮೊದಲಿನಿಂದ ನೋಂದಣಿ ಮಾಡಿ ಅನ್ನುತ್ತಿದೆ. ಅದಕ್ಕೆ ಅದೇ ಸಿಮ್ಮಿನಿಂದ ಒಂದು ಎಸ್ಸೆಮ್ಮೆಸ್ ಹೋಗಬೇಕು. ಪ್ಯಾಕ್ ಮುಗಿದು ಮೂರು ದಿನ ಆಗಿತ್ತು. ಕೊನೆಗೆ ಅಂಗಡಿಯವರ ಫೋನಿನಿಂದಲೇ ನನಗೆ ಕರೆ ಮಾಡಿ ಬೈದರು. ಮೊಬೈಲ್ ಅಂಗಡಿಯವನ ಅಪ್ಪನಿಗೇ ರೀಚಾರ್ಜ್ ಇಲ್ಲ!

ಅವತ್ತಿನಿಂದ ಬಂದವರಿಗೆಲ್ಲ ನಮ್ಮೂರ ಭಾಷೆಯಲ್ಲೇ ಹೇಳುತ್ತೇನೆ. ಕ್ಯಾಶ್ ಅಂದರೆ ಮಟ್ಟೆ, ತೆಂಗಿನಕಾಯಿಯ ಹೊರಸಿಪ್ಪೆ. ಡೇಟಾ ಅಂದರೆ ಅಟ್ಟದ ಮೇಲಿನ ಕೊಬ್ಬರಿ. ಒಮ್ಮೆ ನೋಡಿದ ಚಿತ್ರ, ತೆರೆದ ಪುಟ ಮತ್ತೆ ಬೇಗ ಬರಲಿ ಅಂತ ಆ್ಯಪ್ ಎತ್ತಿಟ್ಟುಕೊಂಡ ನಕಲು ಕ್ಯಾಶ್. ಅದು ಹೋದರೆ ಏನೂ ಕಳೆದುಹೋಗುವುದಿಲ್ಲ. ಡೇಟಾ ಹಾಗಲ್ಲ. ನಿಮ್ಮ ಲಾಗಿನ್, ಸೆಟ್ಟಿಂಗ್, ಆ್ಯಪ್ ಒಳಗೆ ಡೌನ್‌ಲೋಡ್ ಮಾಡಿಟ್ಟ ಹಾಡು, ಮ್ಯಾಪು ಎಲ್ಲ ಅದರಲ್ಲೇ ಇರುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪ್ಸ್ ತೆರೆಯಿರಿ. ಜಾಸ್ತಿ ಬಳಸುವ ಆ್ಯಪ್ ಆರಿಸಿ, ಸ್ಟೋರೇಜ್ ಒತ್ತಿ. ಎರಡೂ ಬಟನ್ ಅಲ್ಲೇ ಕಾಣುತ್ತವೆ. ಕೆಲವು ಕಂಪನಿಯ ಫೋನಿನಲ್ಲಿ ಕ್ಲಿಯರ್ ಸ್ಟೋರೇಜ್ ಬದಲು ಕ್ಲಿಯರ್ ಡೇಟಾ ಅಂತ ಇರುತ್ತದೆ, ಎರಡೂ ಒಂದೇ. ನೀವು ಒತ್ತಬೇಕಾದ್ದು ಕ್ಲಿಯರ್ ಕ್ಯಾಶ್. ವಿಡಿಯೋ, ರೀಲ್ಸ್, ಶಾಪಿಂಗ್ ಆ್ಯಪ್‌ಗಳಿಂದ ಶುರು ಮಾಡಿ, ಮಟ್ಟೆ ಗುಡ್ಡೆ ಬಿದ್ದಿರುವುದು ಅಲ್ಲೇ. ಹಾಗಂತ ದಿನಾ ಮಾಡಬೇಡಿ. ಮಟ್ಟೆಯೂ ಪೂರ್ತಿ ಕಸವಲ್ಲ, ನೀರೊಲೆಗೆ ಬೇಕು ಅಲ್ವಾ? ಕ್ಯಾಶ್ ಅಳಿಸಿದ ಮೇಲೆ ಅದೇ ಚಿತ್ರಗಳನ್ನು ಫೋನ್ ಮತ್ತೆ ನೆಟ್ಟಿನಿಂದ ತರಬೇಕು. ಆ್ಯಪ್ ಮೊಂಡು ಹಿಡಿದಾಗ, ಇಲ್ಲ ಜಾಗ ಮುಗಿದಾಗ ಮಾಡಿದರೆ ಸಾಕು.

ಡೇಟಾ ಅಳಿಸಲೇಬೇಕಾದ ಸಂದರ್ಭವೂ ಬರುತ್ತದೆ. ದುಡ್ಡಿನ ಆ್ಯಪ್ ಆದರೆ ಮೊದಲು ಸಿಮ್ ಅದೇ ಫೋನಿನಲ್ಲಿದೆಯಾ, ಎಸ್ಸೆಮ್ಮೆಸ್ ಹೋಗುತ್ತದಾ ನೋಡಿ. ವಾಟ್ಸಾಪ್ ಆದರೆ ಮೊದಲು ಚಾಟ್ ಬ್ಯಾಕಪ್ ಮಾಡಿ. ಲಾಗಿನ್ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್ ಇದ್ದರೆ ದಯವಿಟ್ಟು ಅದರ ತಂಟೆಗೆ ಹೋಗಬೇಡಿ.

ಈಗ ಬ್ರೌಸರ್. ಕ್ರೋಮ್‌ನ ಮೂಲೆಯ ಮೂರು ಚುಕ್ಕಿ ಒತ್ತಿ, ಡಿಲೀಟ್ ಬ್ರೌಸಿಂಗ್ ಡೇಟಾ ಆರಿಸಿ. ಎಷ್ಟು ಹೊತ್ತಿನದು ಅಂತ ಕೇಳುತ್ತದೆ, ಕಳೆದ 15 ನಿಮಿಷದಿಂದ ಹಿಡಿದು ಆಲ್ ಟೈಮ್‌ವರೆಗೆ. ಹಿಸ್ಟರಿ ಅಂದರೆ ನೀವು ಹೋದ ಪುಟಗಳ ಪಟ್ಟಿ. ಕುಕೀಸ್ ಅಂದರೆ ನಿಮ್ಮ ಗುರುತು ಇಟ್ಟುಕೊಳ್ಳಲು ಸೈಟ್‌ಗಳು ಫೋನಿನಲ್ಲಿ ಬಿಡುವ ಚೀಟಿ. ಅದನ್ನು ಅಳಿಸಿದರೆ ಬಹಳಷ್ಟು ಸೈಟ್‌ಗಳಿಂದ ಲಾಗೌಟ್ ಆಗುತ್ತೀರಿ. ಪಾಸ್‌ವರ್ಡ್ ಅಂತ ಸಾಲು ಕಂಡರೆ ಅದಕ್ಕೆ ಟಿಕ್ ಹಾಕಬೇಡಿ.

ಇಲ್ಲೊಂದು ಮಾತು. ನಮ್ಮ ಕಡೆ ಎಷ್ಟೋ ಅಪ್ಪಂದಿರ ಫೋನಿನಲ್ಲಿ ಬೆಂಗಳೂರಿನ ಮಗನ ಗೂಗಲ್ ಖಾತೆ ಇರುತ್ತದೆ. ಒಂದೇ ಖಾತೆಯ ಫೋನುಗಳಲ್ಲಿ ಎಲ್ಲವನ್ನೂ ಒಂದೇ ತರ ಇಡುವ ಸಿಂಕ್ ಆನ್ ಇದ್ದರೆ ಇಲ್ಲಿ ಹಿಸ್ಟರಿ ಅಳಿಸಿದರೆ ಅಲ್ಲಿ ಮಗನ ಫೋನಿನಲ್ಲೂ ಹೋಗುತ್ತದೆ. ಫೋಟೋ ಬ್ಯಾಕಪ್ ಆಗಿದ್ದರೆ ಅದರದೂ ಇದೇ ಕಥೆ. ಗೂಗಲ್ ಫೋಟೋಸ್‌ನಲ್ಲಿ ಡಿಲೀಟ್ ಒತ್ತಿದರೆ ಫೋನಿನದು, ಖಾತೆಯದು ಎರಡೂ ಹೋಗುತ್ತವೆ. ಫೋನಿನಲ್ಲಿ ಮಾತ್ರ ಜಾಗ ಬೇಕಿದ್ದರೆ ಅಲ್ಲೇ ಇರುವ ಫ್ರೀ ಅಪ್ ಸ್ಪೇಸ್ ಬಳಸಿ. ಅದು ಬ್ಯಾಕಪ್ ಆದ ಫೋಟೋಗಳನ್ನಷ್ಟೇ ಫೋನಿನಿಂದ ತೆಗೆಯುತ್ತದೆ.

ಇನ್ನೂ ಒಂದಿದೆ. ಕ್ರೋಮ್‌ನಲ್ಲಿ ಹಿಸ್ಟರಿ ಅಳಿಸಿದ ಮಾತ್ರಕ್ಕೆ ಗೂಗಲ್‌ನಲ್ಲಿ ಹುಡುಕಿದ್ದೆಲ್ಲ ಮರೆಯಾಗುವುದಿಲ್ಲ. ಅದು ಖಾತೆಯ ಮೈ ಆ್ಯಕ್ಟಿವಿಟಿಯಲ್ಲಿ ಬೇರೆಯಾಗಿ ಉಳಿದಿರಬಹುದು. ಅಲ್ಲಿ ಆಟೋ ಡಿಲೀಟ್ ಅಂತ ಇದೆ. 3, 18 ಅಥವಾ 36 ತಿಂಗಳಿಗಿಂತ ಹಳೆಯದು ತಾನಾಗಿ ಹೋಗುವ ಹಾಗೆ ಇಡಬಹುದು. ನಾನು 3 ಇಟ್ಟುಕೊಂಡಿದ್ದೇನೆ.

"ಅಣ್ಣ, ಫೋನಿಗೆ ವೈರಸ್ ಬಂದಿದೆ" ಅಂತ ಬರುವವರೂ ಕಡಿಮೆ ಇಲ್ಲ. ಪರದೆ ಮೇಲೆ ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಮೇಲೆ ಎಚ್ಚರಿಕೆ. ನಾನು ನೋಡಿದ್ದರಲ್ಲಿ ಬಹುಪಾಲು ವೈರಸ್ ಅಲ್ಲವೇ ಅಲ್ಲ. ಯಾವುದೋ ಸೈಟ್ ನೋಟಿಫಿಕೇಶನ್ ಕಳಿಸಲಾ ಅಂತ ಕೇಳಿದಾಗ ಅವಸರದಲ್ಲಿ ಅಲೋ ಒತ್ತಿರುತ್ತಾರೆ. ಬರೀ ಹಿಸ್ಟರಿ ಅಳಿಸಿದರೆ ಇದು ನಿಲ್ಲುವುದಿಲ್ಲ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ತೆರೆದು, ಗುರುತಿಲ್ಲದ ಸೈಟ್‌ಗಳನ್ನೆಲ್ಲ ಬ್ಲಾಕ್ ಮಾಡಿ. ಆ ಎಚ್ಚರಿಕೆಯನ್ನು ಒತ್ತಿ, ಅದು ತೋರಿಸಿದ ಕ್ಲೀನರ್ ಆ್ಯಪ್ ಮಾತ್ರ ಹಾಕಿಕೊಳ್ಳಬೇಡಿ. ಕ್ಲೀನರ್ ಬೇಕೇ ಬೇಕು ಅಂದರೆ ಫೈಲ್ಸ್ ಬೈ ಗೂಗಲ್ ಸಾಕು.

ಇಷ್ಟೆಲ್ಲ ಆದ ಮೇಲೂ ಫೋನ್ ಫುಲ್ ಅಂದರೆ ಕಳ್ಳ ವಾಟ್ಸಾಪ್. ಕೊಬ್ಬರಿ ರೇಟಿನ ಗ್ರೂಪ್, ನೆಂಟರ ಗ್ರೂಪ್, ದಿನಾ ಬೆಳಗ್ಗೆ ಶುಭೋದಯದ ಗುಲಾಬಿ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಆ್ಯಂಡ್ ಡೇಟಾ, ಆಮೇಲೆ ಮ್ಯಾನೇಜ್ ಸ್ಟೋರೇಜ್. 5 ಎಂಬಿಗಿಂತ ದೊಡ್ಡವು ಬೇರೆ, ತುಂಬಾ ಸಲ ಫಾರ್ವರ್ಡ್ ಆದವು ಬೇರೆ ಗುಂಪಾಗಿ ಸಿಗುತ್ತವೆ. ಫಾರ್ವರ್ಡ್ ಗುಂಪನ್ನು ನಾನು ನೋಡದೇ ಅಳಿಸುತ್ತೇನೆ. ದೊಡ್ಡದರಲ್ಲಿ ಮಗಳ ಮದುವೆ ವಿಡಿಯೋ ಇರಬಹುದು, ಒಂದೊಂದೇ ನೋಡಿ. ಆಮೇಲೆ ಮೀಡಿಯಾ ಆಟೋ ಡೌನ್‌ಲೋಡ್ ನಿಲ್ಲಿಸಿ, ಇಲ್ಲದಿದ್ದರೆ ತಿಂಗಳಿಗೆ ಮತ್ತೆ ನನ್ನ ಅಂಗಡಿಗೆ ಬರುತ್ತೀರಿ.

ಗ್ಯಾಲರಿಯ ಕಸದಬುಟ್ಟಿ ಖಾಲಿ ಮಾಡುವುದನ್ನು ಮರೆಯಬೇಡಿ. ಅಳಿಸಿದ ಫೋಟೋ ಅಲ್ಲಿ ಇನ್ನೂ ಒಂದಷ್ಟು ದಿನ ಜಾಗ ತಿನ್ನುತ್ತಾ ಕೂತಿರುತ್ತದೆ.

ಐಫೋನ್ ನನ್ನ ಅಂಗಡಿಗೆ ಬರುವುದು ಕಡಿಮೆ. ಅದರಲ್ಲಿ ಎಲ್ಲ ಆ್ಯಪ್‌ಗೂ ಕ್ಲಿಯರ್ ಕ್ಯಾಶ್ ಅನ್ನೋ ಬಟನ್ ಇಲ್ಲ. ಸೆಟ್ಟಿಂಗ್ಸ್, ಜನರಲ್, ಐಫೋನ್ ಸ್ಟೋರೇಜ್‌ಗೆ ಹೋಗಿ ಆಫ್‌ಲೋಡ್ ಆ್ಯಪ್ ಒತ್ತಿದರೆ ಆ್ಯಪ್ ಹೋಗಿ ಅದರ ಡೇಟಾ ಉಳಿಯುತ್ತದೆ. ಡಿಲೀಟ್ ಆ್ಯಪ್ ಒತ್ತಿದರೆ ಎರಡೂ ಹೋಗುತ್ತವೆ.

ಫೋನ್ ಮಾರುವುದಾದರೆ ಈ ಕೆಲಸಗಳು ಯಾವುದೂ ಸಾಲದು. ಬೇಕಾದ್ದನ್ನು ಬ್ಯಾಕಪ್ ಮಾಡಿ, ಸಿಮ್ ಮತ್ತು ಮೆಮೊರಿ ಕಾರ್ಡ್ ಈಚೆ ತೆಗೆದು, ಗೂಗಲ್ ಖಾತೆ ರಿಮೂವ್ ಮಾಡಿ, ಆಮೇಲೆ ಫೋನಿನಲ್ಲಿರುವುದನ್ನೆಲ್ಲ ಅಳಿಸುವ ಫ್ಯಾಕ್ಟರಿ ರೀಸೆಟ್ ಕೊಡಿ. ಖಾತೆ ತೆಗೆಯುವುದನ್ನು ಮರೆತರೆ ಕೊಂಡವರು ಫೋನ್ ಆನ್ ಮಾಡಿದಾಗ ನಿಮ್ಮ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳುವ ಸಾಧ್ಯತೆ ಇದೆ. ಅವರು ಆ ಫೋನ್ ಹಿಡಿದುಕೊಂಡು ನೇರ ನನ್ನ ಹತ್ತಿರವೇ ಬರುತ್ತಾರೆ.